ಎರಡು ಕಿಲೋಮೀಟರ್ ಕಮ್ಮಿ ಬಿದ್ದ ಮೆಟ್ರೋ: ವೈಟ್‌ಫೀಲ್ಡ್ ಮಾರ್ಗದ ಆರೂವರೆ ತಿಂಗಳು

ಬೆಂಗಳೂರಿನ ಮೆಟ್ರೋ ಬಗ್ಗೆ ಮಾತು ಬಂದರೆ ನಾವೆಲ್ಲ ಕಿಲೋಮೀಟರ್ ಲೆಕ್ಕಕ್ಕೆ ಇಳಿಯುತ್ತೇವೆ. ಎಷ್ಟು ಆಯ್ತು, ಎಷ್ಟು ಬಾಕಿ, ದೆಹಲಿಯಲ್ಲಿ ಎಷ್ಟಿದೆ. ಈ ಲೆಕ್ಕ ಎಷ್ಟು ಪೊಳ್ಳು ಅಂತ ತಿಳಿಯಬೇಕಾದರೆ 2023ರ ಮಾರ್ಚ್ 26ರಿಂದ ಅಕ್ಟೋಬರ್ 9ರ ತನಕ ವೈಟ್‌ಫೀಲ್ಡಿಗೆ ಹೋಗುವ ನೇರಳೆ ಮಾರ್ಗದಲ್ಲಿ ನಡೆದದ್ದನ್ನು ನೋಡಿದರೆ ಸಾಕು. 13.71 ಕಿಲೋಮೀಟರ್ ಹೊಸ ಮಾರ್ಗ ಸಿದ್ಧವಾಗಿತ್ತು. 12 ನಿಲ್ದಾಣ ಇದ್ದವು. ಗಾಡಿ ಓಡುತ್ತಿತ್ತು. ಜನ ಮಾತ್ರ ಅಷ್ಟಕ್ಕಷ್ಟೆ. ಯಾಕಂದ್ರೆ ಹಳೇ ಮಾರ್ಗಕ್ಕೂ ಇದಕ್ಕೂ ನಡುವೆ ಒಂದು 2.1 ಕಿಲೋಮೀಟರ್ ಇರಲಿಲ್ಲ.

ಆ 2.1 ಕಿಲೋಮೀಟರ್ ಕೂಡಿಸುವ ಕೆಲಸ ಬಸ್ಸಿನ ಪಾಲಿಗೆ ಬಂತು. ಆ ಆರೂವರೆ ತಿಂಗಳಲ್ಲಿ ಮೆಟ್ರೋ ಮತ್ತು ಬಸ್ಸಿನ ಸಂಬಂಧ ಈ ಊರಲ್ಲಿ ಹೇಗಿದೆ ಅನ್ನುವುದು ಪೂರ್ತಿ ಹೊರಗೆ ಬಿತ್ತು. ಅದಕ್ಕೇ ಈ ಒಂದು ಪ್ರಕರಣವನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಬೈಯಪ್ಪನಹಳ್ಳಿಗೆ ಬಂದು ನಿಂತ ಹಳಿ

ನಮ್ಮ ಮೆಟ್ರೋ ಶುರುವಾದದ್ದೇ ಬೈಯಪ್ಪನಹಳ್ಳಿಯಿಂದ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಗಾಡಿ ಬಿಟ್ಟರು. ಆರು ನಿಲ್ದಾಣ, ಮೂರು ಬೋಗಿ. ಆಗ ಜನ ಅದನ್ನು ಹತ್ತಿದ್ದು ಕೆಲಸಕ್ಕೆ ಹೋಗಲು ಅನ್ನೋದಕ್ಕಿಂತ ಮಕ್ಕಳಿಗೆ ತೋರಿಸಲು. 2016ರ ಏಪ್ರಿಲ್ ಕೊನೆಗೆ ಕಬ್ಬನ್ ಪಾರ್ಕಿನಿಂದ ಮಾಗಡಿ ರಸ್ತೆ ಕಡೆಗೆ ಸುರಂಗದ ಭಾಗ ತೆರೆಯಿತು. ಪೂರ್ವದಿಂದ ಪಶ್ಚಿಮಕ್ಕೆ ಒಂದೇ ಗಾಡಿಯಲ್ಲಿ ಹೋಗುವ ಹಾಗಾಯ್ತು. 2017ರ ಜೂನ್‌ನಲ್ಲಿ ಹಸಿರು ಮಾರ್ಗವೂ ಕೂಡಿ 42.3 ಕಿಲೋಮೀಟರಿನ ಮೊದಲ ಹಂತ ಮುಗಿಯಿತು.

ಆದರೆ ಬೈಯಪ್ಪನಹಳ್ಳಿ ಅಲ್ಲೇ ಕೊನೆಯ ನಿಲ್ದಾಣವಾಗಿ ಉಳಿಯಿತು. ಹನ್ನೊಂದು ವರ್ಷಕ್ಕೂ ಮೇಲೆ. ವೈಟ್‌ಫೀಲ್ಡಿನ ಟೆಕ್ ಪಾರ್ಕ್ ಐಟಿಪಿಎಲ್ ಕಡೆಗೆ ಕಂಪನಿಗಳು ಬಂದದ್ದು 1990ರ ದಶಕದಲ್ಲಿ. ಬೆಳಿಗ್ಗೆ ಎದ್ದರೆ ಅರ್ಧ ಊರು ಪೂರ್ವಕ್ಕೆ ಓಡುತ್ತಿತ್ತು. ಮೆಟ್ರೋ ಮಾತ್ರ ಎನ್‌ಜಿಇಎಫ್ ಕಾರ್ಖಾನೆ ಪಕ್ಕಕ್ಕೆ ಬಂದು ಸಾಕಪ್ಪಾ ಅಂತ ನಿಂತಿತ್ತು. ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಅಂದಾಜು ವೆಚ್ಚ 26,405 ಕೋಟಿ. ಅದರಲ್ಲಿ ಬೈಯಪ್ಪನಹಳ್ಳಿಯಿಂದ ವೈಟ್‌ಫೀಲ್ಡಿಗೆ ಸುಮಾರು 15.8 ಕಿಲೋಮೀಟರ್ ಒಂದು ತುಂಡು. ಗಡುವು ಎಷ್ಟು ಸಲ ಮುಂದೆ ಹೋಯಿತು ಅಂತ ಹೇಳಿದರೆ ಓದುವವರಿಗೂ ಬೇಜಾರು, ಬಿಡಿ.

ಅಷ್ಟೂ ವರ್ಷ ಆ ಕಡೆಯ ಜನರನ್ನು ಹೊತ್ತದ್ದು ನಗರದ ಬಸ್ ಸಂಸ್ಥೆ ಬಿಎಂಟಿಸಿ. ಮೆಜೆಸ್ಟಿಕ್‌ನಿಂದ ಹಳೇ ವಿಮಾನ ನಿಲ್ದಾಣ ರಸ್ತೆ, ಮಾರತಹಳ್ಳಿ, ಐಟಿಪಿಎಲ್ ಮೇಲೆ ಕಾಡುಗೋಡಿಗೆ ಹೋಗುವ 335ಇ ಬಸ್ಸನ್ನು ಗೊತ್ತಿಲ್ಲದವರು ಪೂರ್ವ ಬೆಂಗಳೂರಿನಲ್ಲಿ ಇರಲಿಕ್ಕಿಲ್ಲ. ಅದರ ವಜ್ರ ಗಾಡಿಯಲ್ಲಿ ಎಸಿ ಹಾಕಿಕೊಂಡು ಮಲಗಿ ಎದ್ದರೂ ಕುಂದಲಹಳ್ಳಿ ಗೇಟ್ ಬಂದಿರುತ್ತಿರಲಿಲ್ಲ. ಹೊರವರ್ತುಲ ರಸ್ತೆಗೆ 500ರ ಸರಣಿ. ಅದರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹೋಗುವ 500ಡಿ ದೊಡ್ಡಣ್ಣ ಇದ್ದ ಹಾಗೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಬೆಂಗಳೂರಿನ ಬಸ್ ಮಾರ್ಗಗಳು ಬೆಳೆದದ್ದು ಮೂರು ಗೂಟಗಳ ಸುತ್ತ. ಮೆಜೆಸ್ಟಿಕ್, ಮಾರ್ಕೆಟ್, ಶಿವಾಜಿನಗರ. ಊರು ಚಿಕ್ಕದಾಗಿದ್ದಾಗ ಅದು ಸರಿಯಾಗಿಯೇ ಇತ್ತು. ಯಾವ ಮೂಲೆಯಿಂದ ಹೊರಟರೂ ಮೆಜೆಸ್ಟಿಕ್‌ಗೆ ಬಂದು ಬಸ್ಸು ಬದಲಾಯಿಸಿದರೆ ಆಯ್ತು. ಊರು ಹಿಗ್ಗಿದ ಮೇಲೂ ಬಿಎಂಟಿಸಿ ಹಳೇ ಮಾರ್ಗದ ಬಾಲಕ್ಕೆ ಹೊಸ ಸ್ಟಾಪು ಸೇರಿಸುತ್ತಾ ಹೋಯಿತು. ಮಾರ್ಗ ಉದ್ದ ಆದಷ್ಟೂ ಬಸ್ಸು ಜಾಮಿಗೆ ಸಿಕ್ಕುವುದು ಜಾಸ್ತಿ, ಹೊತ್ತಿಗೆ ಬರುವುದು ಕಮ್ಮಿ. ಒಂದು ಬಸ್ಸಿಗೆ ಮುಕ್ಕಾಲು ಗಂಟೆ ಕಾದರೆ ಹಿಂದಿನಿಂದ ಅದೇ ನಂಬರಿನ ಮೂರು ಒಟ್ಟಿಗೆ ಬರುತ್ತವಲ್ಲ, ಅದಕ್ಕೆ ಡ್ರೈವರ್ ಕಾರಣ ಅಲ್ಲ. ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಉದ್ದದ ಮಾರ್ಗವನ್ನು ಇಂಥ ರಸ್ತೆಯ ಮೇಲೆ ಎಳೆದರೆ ಆಗುವುದೇ ಅದು.

ಮಾರ್ಚ್ 25, 2023

ಆ ಶನಿವಾರ ಪ್ರಧಾನಿ ಬಂದು ಕೆ.ಆರ್. ಪುರದಿಂದ ವೈಟ್‌ಫೀಲ್ಡ್ ಕಾಡುಗೋಡಿವರೆಗಿನ ಮಾರ್ಗ ಉದ್ಘಾಟಿಸಿದರು. ಮಾರನೇ ದಿನ ಭಾನುವಾರದಿಂದ ಜನರಿಗೆ ಬಿಟ್ಟರು. ಅದಾಗಿ ಮೂರು ದಿನಕ್ಕೆ, 29ರಂದು, ವಿಧಾನಸಭೆ ಚುನಾವಣೆಯ ದಿನಾಂಕ ಹೊರಬಿತ್ತು. ಇದರ ಮೇಲೆ ನಾನೇನೂ ಹೇಳಬೇಕಾಗಿಲ್ಲ, ಅಲ್ವಾ.

ಹೊಸ ಮಾರ್ಗದಲ್ಲಿ ಕೆ.ಆರ್. ಪುರ, ಸಿಂಗಯ್ಯನಪಾಳ್ಯ, ಗರುಡಾಚಾರ್‌ಪಾಳ್ಯ, ಹೂಡಿ, ಸೀತಾರಾಮಪಾಳ್ಯ, ಕುಂದಲಹಳ್ಳಿ, ನಲ್ಲೂರಹಳ್ಳಿ ಅಂತ ಶುರುವಾಗಿ ಹೋಪ್‌ಫಾರ್ಮ್ ಚನ್ನಸಂದ್ರ ದಾಟಿ ಕಾಡುಗೋಡಿವರೆಗೆ ನಿಲ್ದಾಣಗಳು. ಬೇಕಾದ ಜಾಗಗಳೇ ಎಲ್ಲ. ಇಲ್ಲದ್ದು ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದ ನಡುವಿನ ತುಂಡು, ಅದರೊಳಗಿನ ಬೆನ್ನಿಗಾನಹಳ್ಳಿ ನಿಲ್ದಾಣ. ಅಂದರೆ ಹಳೇ ಮೆಟ್ರೋ ಈ ಕಡೆ ನಿಂತಿತ್ತು, ಹೊಸ ಮೆಟ್ರೋ ಆ ಕಡೆ ಓಡುತ್ತಿತ್ತು, ಒಂದಕ್ಕೊಂದು ಸಂಬಂಧ ಇಲ್ಲ. ಹಳಿಯೇ ಕೂಡದ್ದರಿಂದ ಬೋಗಿಗಳನ್ನು ಆ ಕಡೆಗೆ ಟ್ರೇಲರ್ ಲಾರಿಯ ಮೇಲೆ ರಸ್ತೆಯಲ್ಲಿ ಸಾಗಿಸಿ ಕಾಡುಗೋಡಿ ಡಿಪೋದಲ್ಲಿ ಇಳಿಸಬೇಕಾಯಿತು. ರೈಲು ತನ್ನ ಹಳಿಗೆ ಹೋಗಲು ಲಾರಿ ಹತ್ತಿದ ಕಥೆ ಇದು.

ಯಾಕೆ ಕೂಡಲಿಲ್ಲ? ಕಾರಣ ಬೆನ್ನಿಗಾನಹಳ್ಳಿಯ ರೈಲ್ವೆ ಹಳಿಗಳು. ಬೈಯಪ್ಪನಹಳ್ಳಿ ಮೆಟ್ರೋ ನಿಲ್ದಾಣ ನೆಲಮಟ್ಟದಲ್ಲಿದೆ, ಬೇರೆ ನಿಲ್ದಾಣಗಳ ಹಾಗೆ ಕಂಬದ ಮೇಲಿಲ್ಲ. ಅಲ್ಲಿಂದ ಹಳಿ ಮೇಲೇರಿ, ರೈಲ್ವೆ ಹಳಿಗಳನ್ನು ದಾಟಿ, ಹಳೇ ಮದ್ರಾಸ್ ರಸ್ತೆ ಕಡೆಗೆ ಬರಬೇಕು. ದಾಟುವ ಜಾಗದಲ್ಲಿ ಹಳಿಗಳ ನಡುವೆ ಬೇಕಾದಲ್ಲಿ ಕಂಬ ನೆಡಲು ಆಗಲ್ಲ. ಹಾಗಾಗಿ ಮಾಮೂಲಿ ಕಾಂಕ್ರೀಟ್ ತೊಲೆ ಸಾಲದು, ಉದ್ದನೆಯ ಉಕ್ಕಿನ ಜಾಲರಿ ಸೇತುವೆ ಬೇಕು. ಓಪನ್ ವೆಬ್ ಗರ್ಡರ್ ಅಂತಾರಲ್ಲ, ಹಳೇ ರೈಲ್ವೆ ಸೇತುವೆಗಳಲ್ಲಿ ನೋಡಿರುತ್ತೀರಿ, ಆ ಜಾತಿಯದು.

ಅದನ್ನು ಕೂರಿಸುವುದೇ ಒಂದು ದೊಡ್ಡ ತಾಪತ್ರಯ. ಮೆಟ್ರೋಗೆ ಕರೆಂಟು ಹಳಿಯ ಪಕ್ಕದ ಮೂರನೇ ಹಳಿಯಿಂದ ಬರುತ್ತದೆ, 750 ವೋಲ್ಟ್. ಕೆಳಗಿನ ರೈಲ್ವೆಗೆ ಮೇಲಿನ ತಂತಿಯಿಂದ, 25,000 ವೋಲ್ಟ್. ಆ ತಂತಿಯ ಮೇಲೆ ಟನ್ನುಗಟ್ಟಲೆ ಉಕ್ಕು ತೂಗಾಡಿಸಬೇಕಾದರೆ ಕೆಳಗೆ ಕರೆಂಟೂ ನಿಲ್ಲಬೇಕು, ಗಾಡಿಯೂ ನಿಲ್ಲಬೇಕು.  ಬಿಡುವು ಸಿಕ್ಕುವುದು ರಾತ್ರಿ ಒಂದಿಷ್ಟು ಹೊತ್ತು, ಅದೂ ರೈಲ್ವೆಯವರು ಒಪ್ಪಿದ ದಿನ. ನಕ್ಷೆಗೆ ಒಪ್ಪಿಗೆ, ಸುರಕ್ಷತೆಗೆ ಒಪ್ಪಿಗೆ, ಪ್ರತಿ ರಾತ್ರಿಯ ಬಿಡುವಿಗೆ ಒಪ್ಪಿಗೆ. ಇದನ್ನೆಲ್ಲ ಸೋಮಾರಿತನ ಅಂತ ಬೈಯುವುದು ಸುಲಭ. ಆದರೆ ಎಂಜಿನಿಯರಿಂಗ್ ಕಡೆಯಿಂದ ಇದು ಇಡೀ ವೈಟ್‌ಫೀಲ್ಡ್ ಮಾರ್ಗದ ಅತಿ ಕಷ್ಟದ ಜಾಗ ಅನ್ನುವುದು ನಕ್ಷೆ ನೋಡಿದ ಮೊದಲ ದಿನವೇ ಗೊತ್ತಿರಬೇಕಾದ ವಿಷಯ. ನನ್ನ ತಕರಾರು ಇರುವುದು ಅಲ್ಲಿ. ಕಷ್ಟದ ಜಾಗ ಅಂತ ಗೊತ್ತಿದ್ದ ಮೇಲೆ ಒಪ್ಪಿಗೆಯ ಓಡಾಟ ಎಲ್ಲಕ್ಕಿಂತ ಮೊದಲು ಅಲ್ಲಿಂದಲೇ ಶುರುವಾಗಬೇಕಿತ್ತು.

ಆ ಬಸ್ಸು

ಈಗ ಪ್ರಯಾಣಿಕರ ಕಡೆಯಿಂದ ನೋಡೋಣ. ವಿಜಯನಗರದಿಂದ ಸೀತಾರಾಮಪಾಳ್ಯದ ಆಫೀಸಿಗೆ ಹೋಗುವವರು ಅಂತಿಟ್ಟುಕೊಳ್ಳಿ. ನೇರಳೆ ಮಾರ್ಗದಲ್ಲಿ ಬೈಯಪ್ಪನಹಳ್ಳಿಗೆ ಬಂದಿರಿ. ಇಳಿದು ಗೇಟಿನಲ್ಲಿ ಟೋಕನ್ ಹಾಕಿ ಹೊರಗೆ ಬಂದಿರಿ. ಬಿಎಂಟಿಸಿಯ ಫೀಡರ್ ಬಸ್ಸು, ಅಂದರೆ ಮೆಟ್ರೋ ಜನರನ್ನು ಸಾಗಿಸುವ ಬಸ್ಸು, ನಿಂತಿದೆ. ಹತ್ತಿ ಕೂತರೆ ಡ್ರೈವರ್ ಸೀಟು ಖಾಲಿ. ಕಂಡಕ್ಟರ್ ಕೆಳಗೆ ನಿಂತು ಇನ್ನೊಂದು ಮೆಟ್ರೋ ಗಾಡಿಯ ಜನ ಬರಲಿ ಅಂತ ಕಾಯುತ್ತಿದ್ದಾರೆ.

"ಸಾರ್, ಯಾವಾಗ ಬಿಡ್ತೀರಾ?"

"ಬಿಡೋಣ ಮೇಡಂ, ಎರಡೇ ನಿಮಿಷ. ಒಳಗಡೆ ಹೋಗಿ, ಒಳಗಡೆ ಹೋಗಿ. ಚಿಲ್ಲರೆ ಇಟ್ಕೊಳ್ಳಿ."

ಹೊರಟಿತು. ಹಳೇ ಮದ್ರಾಸ್ ರಸ್ತೆ, ಟಿನ್ ಫ್ಯಾಕ್ಟರಿ. ಈ ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಮಹಿಮೆ ಗೊತ್ತಿದ್ದವರಿಗೆ ಇನ್ನು ಮುಂದೆ ಓದುವುದು ಬೇಕಾಗಿಲ್ಲ. ಹೊರವರ್ತುಲ ರಸ್ತೆ ಮತ್ತು ಹಳೇ ಮದ್ರಾಸ್ ರಸ್ತೆ ಕೂಡುವ ಜಾಗ. ಹೊಸಕೋಟೆ, ಕೋಲಾರ, ತಿರುಪತಿ ಕಡೆಯ ಬಸ್ಸುಗಳು, 500ರ ಸರಣಿಯ ಬಸ್ಸುಗಳು, ಕ್ಯಾಬುಗಳು, ಆಟೋಗಳು, ರಸ್ತೆ ನಡುವೆಯೇ ನಿಂತು ಜನ ಹತ್ತಿಸಿಕೊಳ್ಳುವ ಖಾಸಗಿ ಗಾಡಿಗಳು. ಇದೆಲ್ಲದರ ಮೇಲೆ ಹೊರವರ್ತುಲ ರಸ್ತೆಯ ನೀಲಿ ಮಾರ್ಗಕ್ಕೆ ಕಂಬ ಏಳುತ್ತಿದ್ದ ಕಾಲ. ರಸ್ತೆಯ ಒಂದು ಪಾಲು ತಗಡಿನ ಬೇಲಿಯೊಳಗೆ. ಬಸ್ಸು ನಿಂತೇ ಇರುತ್ತದೆ. ತಲೆಯ ಮೇಲೆ, ಇನ್ನೂ ಗಾಡಿ ಓಡದ ಮೆಟ್ರೋ ಸೇತುವೆ.

ಕೆ.ಆರ್. ಪುರದಲ್ಲಿ ಇಳಿದು ಮತ್ತೆ ಮೆಟ್ಟಿಲು. ಮತ್ತೆ ಬ್ಯಾಗು ಸ್ಕ್ಯಾನರಿಗೆ. ಮತ್ತೆ ಮೈ ತಪಾಸಣೆ. ಮತ್ತೆ ಟಿಕೆಟ್. ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ 35 ರೂಪಾಯಿ. ಆಗ ಇಡೀ ಮೆಟ್ರೋದ ಗರಿಷ್ಠ ದರವೇ 60 ರೂಪಾಯಿ ಇದ್ದದ್ದು. ಮೆಟ್ರೋ ದರ ದೂರ ಹೆಚ್ಚಾದಷ್ಟೂ ಕಿಲೋಮೀಟರಿಗೆ ಇಳಿಯುತ್ತಾ ಹೋಗುತ್ತದೆ. ಪ್ರಯಾಣ ಎರಡು ತುಂಡಾದರೆ ಆ ಇಳಿತ ಸಿಗಲ್ಲ, ಎರಡು ಸಲ ಶುರುವಿನಿಂದ ಕೊಡಬೇಕು. ನಡುವಿನ ಬಸ್ಸಿಗೆ ಇನ್ನೊಂದು ಟಿಕೆಟ್. ಮೆಟ್ರೋದ ಕಾರ್ಡು ಆ ಬಸ್ಸಿನಲ್ಲಿ ನಡೆಯಲ್ಲ, ಬಿಎಂಟಿಸಿಯ ಪಾಸು ಮೆಟ್ರೋ ಗೇಟಿನಲ್ಲಿ ನಡೆಯಲ್ಲ.

ಬಸ್ಸು ಬೇಡ ಅಂದವರಿಗೆ ಆಟೋ. 2021ರ ಡಿಸೆಂಬರ್‌ನಿಂದ ಆಟೋದ ಕನಿಷ್ಠ ದರ ಮೊದಲ ಎರಡು ಕಿಲೋಮೀಟರಿಗೆ 30 ರೂಪಾಯಿ ಇತ್ತು. ಈ ತುಂಡಿನ ಉದ್ದ ಹೆಚ್ಚುಕಮ್ಮಿ ಅಷ್ಟೇ. ಲೆಕ್ಕದ ಪ್ರಕಾರ 30 ಕೊಟ್ಟರೆ ಮುಗಿಯಿತು. ಮೆಟ್ರೋ ನಿಲ್ದಾಣದ ಮುಂದೆ ನಿಂತ ಆಟೋದವರಿಗೆ ಈ ಲೆಕ್ಕ ಹೇಳಿ ನೋಡಿ.

ಸಮಯದ ಲೆಕ್ಕ ಇನ್ನೂ ಕೆಟ್ಟದು. ಕಾಯುವ ಹೊತ್ತು ನಮಗೆ ಕೂತು ಸಾಗುವ ಹೊತ್ತಿಗಿಂತ ಭಾರ. ಹತ್ತು ನಿಮಿಷ ಗಾಡಿಯಲ್ಲಿ ಕೂತಿದ್ದು ನೆನಪೇ ಇರಲ್ಲ. ಬರುತ್ತೋ ಇಲ್ವೋ ಗೊತ್ತಿಲ್ಲದ ಬಸ್ಸಿಗೆ ಹತ್ತು ನಿಮಿಷ ನಿಂತದ್ದು ಸಂಜೆವರೆಗೂ ನೆನಪಿರುತ್ತದೆ. ಒಂದೇ ಪ್ರಯಾಣದಲ್ಲಿ ಇಂಥ ಕಾಯುವಿಕೆ ಮೂರು ಸಲ ಬಂದರೆ ಬೈಕ್ ಇದ್ದವರು ಬೈಕಿಗೆ ಹೋಗುತ್ತಾರೆ, ಕಂಪನಿ ಕ್ಯಾಬ್ ಇದ್ದವರು ಕ್ಯಾಬಿಗೆ. ಉಳಿದವರು 335ಇ ಹತ್ತುತ್ತಾರೆ. ಅದರಲ್ಲಿ ಸೀಟು ಸಿಕ್ಕರೆ ಕೊನೆವರೆಗೂ ಏಳಬೇಕಾಗಿಲ್ಲ, ಅದೇ ದೊಡ್ಡ ಸುಖ.

ಹಾಗೇ ಆಯಿತು. ಆ ಹೊತ್ತಿಗೆ ಇಡೀ ಮೆಟ್ರೋದಲ್ಲಿ ದಿನಕ್ಕೆ ಆರು ಲಕ್ಷದ ಆಸುಪಾಸು ಜನ ಓಡಾಡುತ್ತಿದ್ದರು. ಅದರಲ್ಲಿ ಊರಿನ ಅತಿ ಹೆಚ್ಚು ಉದ್ಯೋಗ ಇರುವ ಜಾಗಗಳಲ್ಲೊಂದಾದ ವೈಟ್‌ಫೀಲ್ಡ್ ತುಂಡಿನ ಪಾಲು ತೀರಾ ಚಿಕ್ಕದಾಗಿತ್ತು. ಹತ್ತಿದವರಲ್ಲಿ ಬಹಳ ಜನ ಕೆ.ಆರ್. ಪುರ, ಹೂಡಿ, ಕಾಡುಗೋಡಿ ಕಡೆಯ ಒಳಗಿನ ಓಡಾಟದವರು. ಊರಿನ ಆ ತುದಿಯಿಂದ ಈ ತುದಿಗೆ ಬರುವವರಲ್ಲ.

ಬಿಎಂಟಿಸಿಗೆ ಇದನ್ನು ಚೆನ್ನಾಗಿ ನಡೆಸಲು ಆಗುತ್ತಿತ್ತಾ? ಲೆಕ್ಕ ಹಾಕೋಣ. ಒಂದು ಬಸ್ಸಿನಲ್ಲಿ ನಿಂತವರೂ ಸೇರಿ ಅರವತ್ತು ಎಪ್ಪತ್ತು ಜನ ಹಿಡಿಯುತ್ತಾರೆ. ಮೆಟ್ರೋದ ಆರು ಬೋಗಿ ಗಾಡಿಯಿಂದ ಬರೀ ಇನ್ನೂರು ಜನ ಆ ಕಡೆ ಹೋಗಬೇಕು ಅಂದರೂ ಮೂರು ಬಸ್ಸು ಒಟ್ಟಿಗೆ ಬೇಕು. ಬಸ್ಸು ಹೋಗಿ ಬರಲು, ಎರಡೂ ಕಡೆ ಜನ ಹತ್ತಿ ಇಳಿಯುವುದೂ ಸೇರಿ, ನಲವತ್ತು ನಿಮಿಷ ಹಿಡಿಯಿತು ಅಂತಿಟ್ಟುಕೊಳ್ಳಿ. ಐದು ನಿಮಿಷಕ್ಕೊಂದು ಬಸ್ಸು ಬಿಡಲು ಎಂಟು ಬಸ್ಸು ಬೇಕು. ಸಂಜೆಯ ಜಾಮಿನಲ್ಲಿ ಅದೇ ಸುತ್ತು ಒಂದು ಗಂಟೆ ಆದರೆ ಹನ್ನೆರಡು ಬಸ್ಸು ಬೇಕು. ಬಸ್ಸು ಹೆಚ್ಚಿಸಿದಷ್ಟೂ ಟಿನ್ ಫ್ಯಾಕ್ಟರಿಯಲ್ಲಿ ಅವೇ ಒಂದರ ಹಿಂದೆ ಒಂದು ನಿಲ್ಲುತ್ತವೆ. ಅಂದರೆ ಜಾಮಿನಿಂದ ತಪ್ಪಿಸಿಕೊಳ್ಳಲಿ ಅಂತ ಕಟ್ಟಿದ ಮೆಟ್ರೋದ ಜನರನ್ನು ಊರಿನ ಅತಿ ಕೆಟ್ಟ ಜಾಮಿನ ನಡುವೆ ಇಳಿಸಿ, ಮತ್ತೆ ಮೇಲೆತ್ತುವ ಕೆಲಸ ಇದು. ಬಸ್ಸಿಗೆ ತನ್ನದೇ ದಾರಿ ಇಲ್ಲದೆ ಇದು ಆಗುವ ಮಾತಲ್ಲ.

ತನ್ನದೇ ದಾರಿ ಅನ್ನುವುದು ಈ ಊರಿಗೆ ಹೊಸದೂ ಅಲ್ಲ. 2019ರ ಅಕ್ಟೋಬರ್‌ನಲ್ಲಿ ಇದೇ ಕೆ.ಆರ್. ಪುರದಿಂದ ಸಿಲ್ಕ್ ಬೋರ್ಡಿಗೆ ಹೊರವರ್ತುಲ ರಸ್ತೆಯಲ್ಲಿ ಬಸ್ ಆದ್ಯತಾ ಪಥ ಶುರು ಮಾಡಿದ್ದರು. ಎಡಗಡೆ ಗೂಟ ನೆಟ್ಟು ಒಂದು ಪಥ ಬಸ್ಸಿಗೆ ಬಿಟ್ಟರು. ಕಾರಿನವರು ಗೂಟ ಮುರಿದು ನುಗ್ಗುತ್ತಿದ್ದರು, ಪೊಲೀಸರು ದಂಡ ಹಾಕುತ್ತಿದ್ದರು. ಆದರೂ ಬಸ್ಸು ಬೇಗ ಹೋಗತೊಡಗಿತ್ತು, ಅದು ಹತ್ತಿದವರಿಗೆಲ್ಲ ಗೊತ್ತು. ಆಮೇಲೆ ಕೊರೋನಾ ಬಂತು, ಮೆಟ್ರೋ ಕಂಬದ ಕೆಲಸ ಬಂತು, ಪಥ ಹೋಯಿತು. ಮೆಟ್ರೋ ಬರುತ್ತೆ ಅಂತ ಬಸ್ಸಿನ ಜಾಗ ಕಿತ್ತುಕೊಂಡದ್ದು ನನಗೆ ಇವತ್ತಿಗೂ ಅರ್ಥ ಆಗಲ್ಲ. ಕೆಲಸ ನಡೆಯುವ ಆ ವರ್ಷಗಳಲ್ಲೇ ತಾನೇ ಬಸ್ಸು ಜಾಸ್ತಿ ಬೇಕಾದದ್ದು?

ಇನ್ನೊಂದು ಮಾತು. ಬೈಯಪ್ಪನಹಳ್ಳಿ, ಕೆ.ಆರ್. ಪುರ, ವೈಟ್‌ಫೀಲ್ಡ್ ಈ ಮೂರೂ ಕಡೆ ರೈಲ್ವೆ ನಿಲ್ದಾಣ ಇದೆ. ಒಂದೇ ಮಾರ್ಗದ ಮೇಲೆ. ಬ್ರಿಟಿಷರ ಕಾಲದಿಂದ ಇರುವ ಹಳಿ. ವೈಟ್‌ಫೀಲ್ಡ್ ಕಾಡುಗೋಡಿ ಮೆಟ್ರೋ ನಿಲ್ದಾಣ ರೈಲ್ವೆ ನಿಲ್ದಾಣದ ಬಗಲಲ್ಲೇ ಇದೆ. ಮೆಟ್ರೋ ಕೂಡದ ಆ ತಿಂಗಳುಗಳಲ್ಲಿ ಬೆಳಿಗ್ಗೆ ಸಂಜೆ ಹತ್ತಿರದ ಊರುಗಳಿಗೆ ಓಡುವ ನಾಲ್ಕು ಮೆಮು ರೈಲು ಹೆಚ್ಚಿಗೆ ಓಡಿಸಿ, ಮೆಟ್ರೋ ಸಮಯಕ್ಕೆ ಹೊಂದಿಸಿದ್ದರೆ ಬಸ್ಸಿನ ಅರ್ಧ ತಲೆನೋವು ಇಳಿಯುತ್ತಿತ್ತು. ಆ ಹಳಿಯ ಮೇಲೆ ದೂರದ ಗಾಡಿಗಳ ಒತ್ತಡ ಇದೆ ಅನ್ನುವುದು ನಿಜ. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ 35 ಕಿಲೋಮೀಟರಿನ ಉಪನಗರ ರೈಲು ಮಾರ್ಗ ಕಾಗದದ ಮೇಲಿದೆ, ಪಾರಿಜಾತ ಅಂತ ಚಂದದ ಹೆಸರೂ ಇಟ್ಟಿದ್ದಾರೆ. ಹೂವು ಯಾವಾಗ ಅರಳುತ್ತೋ ನೋಡೋಣ.

ಕೂಡಿದ ಮೇಲೆ

ಅಕ್ಟೋಬರ್ 9, 2023, ಸೋಮವಾರ. ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೆ ಮತ್ತು ಆ ಕಡೆ ಕೆಂಗೇರಿಯಿಂದ ಚಲ್ಲಘಟ್ಟಕ್ಕೆ ಒಂದೇ ದಿನ ಗಾಡಿ ಬಿಟ್ಟರು. ಹಾರ ತುರಾಯಿ ಏನೂ ಇಲ್ಲ. ಸುರಕ್ಷತಾ ಆಯುಕ್ತರ ತಪಾಸಣೆ ಮುಗಿದ ಮೇಲೂ ಉದ್ಘಾಟನೆಗೆ ದೊಡ್ಡವರ ದಿನ ಕಾಯುತ್ತಿದ್ದಾರೆ ಅಂತ ಜನ ಸಿಟ್ಟಿಗೆದ್ದಿದ್ದರು. ಕೊನೆಗೆ ಸುಮ್ನೆ ಗೇಟು ತೆರೆದರು. ಔಪಚಾರಿಕ ಉದ್ಘಾಟನೆ ಅಕ್ಟೋಬರ್ 20ರಂದು ದೂರದಿಂದ ವಿಡಿಯೋ ಮೂಲಕ ನಡೆಯಿತು. ನನ್ನ ಪ್ರಕಾರ ನಮ್ಮ ಮೆಟ್ರೋದ ಅತಿ ಒಳ್ಳೆಯ ಉದ್ಘಾಟನೆ ಅದೇ. ಮೊದಲು ಜನ ಹತ್ತಿದರು, ಆಮೇಲೆ ಭಾಷಣ.

ನೇರಳೆ ಮಾರ್ಗ ಈಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿಗೆ 43.49 ಕಿಲೋಮೀಟರ್, 37 ನಿಲ್ದಾಣ. ಕೂಡಿದ ಕೆಲವೇ ವಾರಗಳಲ್ಲಿ ಏನಾಯಿತು ಅಂದರೆ, ಆರು ಲಕ್ಷದ ಸುತ್ತ ಇದ್ದ ದಿನದ ಪ್ರಯಾಣಿಕರ ಸಂಖ್ಯೆ ಏಳು ಲಕ್ಷ ದಾಟುವ ದಿನಗಳು ಬಂದವು. ಕೂಡಿಸಿದ್ದು ಪೂರ್ವದಲ್ಲಿ 2.1 ಕಿಲೋಮೀಟರ್, ಪಶ್ಚಿಮದಲ್ಲಿ ಅಷ್ಟೇ ಚಿಕ್ಕ ಇನ್ನೊಂದು ತುಂಡು. ಮಾರ್ಚ್‌ನಲ್ಲಿ 13.71 ಕಿಲೋಮೀಟರ್ ಸೇರಿಸಿದಾಗ ಬಾರದ ಜನ ಈ ಚೂರುಗಳು ಸೇರಿದಾಗ ಬಂದರು. ಬೆಳಿಗ್ಗೆ ಇಂದಿರಾನಗರದಲ್ಲಿ ಪೂರ್ವದ ಕಡೆಗೆ ಹೋಗುವ ಗಾಡಿಗೆ ಜಾಗ ಸಿಗದೆ ಬಿಟ್ಟು ಕೊಡುವ ಹಾಗಾಯಿತು. ಹಿಂದೆಲ್ಲ ಆ ದಿಕ್ಕಿನ ಗಾಡಿ ಅಲ್ಲಿ ಖಾಲಿ ಹೋಗುತ್ತಿತ್ತು.

ಹಾಗಾದರೆ ಮಾರ್ಚ್‌ನಲ್ಲಿ ತುಂಡಾಗಿ ತೆರೆದದ್ದು ತಪ್ಪಾ? ನಾನು ಹಾಗೆ ಹೇಳಲ್ಲ. ಸಿದ್ಧ ಇರುವುದನ್ನು ಬೀಗ ಹಾಕಿ ಇಡುವುದರಲ್ಲಿ ಏನರ್ಥ. ಹೂಡಿಯಿಂದ ಐಟಿಪಿಎಲ್ ಕಡೆಗೆ ಹೋಗುವವರಿಗೆ ಆ ಆರೂವರೆ ತಿಂಗಳು ಒಳ್ಳೆಯದೇ ಆಯಿತು. ತಪ್ಪು ಇದ್ದದ್ದು ನಡುವಿನ ಬಸ್ಸನ್ನು ಮೆಟ್ರೋದ ಭಾಗ ಅಂತ ನೋಡದೆ ಹೋದದ್ದರಲ್ಲಿ. ಆ ಬಸ್ಸು ಮೆಟ್ರೋದ ಒಂದು ನಿಲ್ದಾಣದ ಹಾಗೇ ಇರಬೇಕಿತ್ತು. ಅದೇ ಟಿಕೆಟ್, ಅದೇ ಸಮಯ, ಬೈಯಪ್ಪನಹಳ್ಳಿಯಲ್ಲಿ ಗೇಟು ದಾಟಿದ ಕೂಡಲೇ ಬಾಗಿಲ ಮುಂದೆ ನಿಂತ ಬಸ್ಸು, ಟಿನ್ ಫ್ಯಾಕ್ಟರಿಯಲ್ಲಿ ಅದಕ್ಕೆ ದಾರಿ ಬಿಡಿಸಲು ಪೊಲೀಸರು. ಇದಕ್ಕೆ ಹೊಸ ಕಾಂಕ್ರೀಟ್ ಬೇಕಿರಲಿಲ್ಲ. ಮೆಟ್ರೋ, ಬಸ್ಸು, ಪೊಲೀಸು, ಪಾಲಿಕೆ ನಾಲ್ಕೂ ಕಡೆಯವರು ಒಂದೇ ಮೇಜಿನ ಸುತ್ತ ಕೂತು ಒಬ್ಬರ ಮಾತು ಕೇಳಬೇಕಿತ್ತು. ಆ ಒಬ್ಬರು ಯಾರು ಅನ್ನುವುದೇ ತೊಂದರೆ. ನಗರದ ಎಲ್ಲ ಸಾರಿಗೆಗೂ ಒಂದೇ ಪ್ರಾಧಿಕಾರ ಬೇಕು ಅಂತ 2007ರಿಂದ ಹೇಳುತ್ತಿದ್ದಾರೆ, ಅದಕ್ಕೆ ಕಾನೂನು ವಿಧಾನಮಂಡಲದಲ್ಲಿ ಪಾಸಾದದ್ದು 2022ರ ಕೊನೆಗೆ. ಕಾನೂನು ಇದ್ದ ಮಾತ್ರಕ್ಕೆ ಬಸ್ಸು ಮೆಟ್ರೋ ಗಾಡಿಗೆ ಕಾಯಲ್ಲ.

ಬಸ್ಸು ಎಲ್ಲಿಗೆ ಹೋಗಬೇಕು

2.1 ಕಿಲೋಮೀಟರ್ ಮುಚ್ಚಿತು, ಸರಿ. ಆದರೆ ಅದೇ ತೊಂದರೆ ಚೂರು ಚೂರಾಗಿ ಎಲ್ಲ ನಿಲ್ದಾಣದ ಕೆಳಗೂ ಇದೆ. ಕುಂದಲಹಳ್ಳಿಯಲ್ಲಿ ಇಳಿದು ವರ್ತೂರು ಕಡೆಗೆ ಹೋಗಬೇಕು, ಹೋಪ್‌ಫಾರ್ಮ್‌ನಲ್ಲಿ ಇಳಿದು ಚನ್ನಸಂದ್ರದ ಒಳಗಿನ ಬಡಾವಣೆಗೆ ಹೋಗಬೇಕು, ಕೆ.ಆರ್. ಪುರದಿಂದ ಬೂದಿಗೆರೆ ಕ್ರಾಸ್ ಕಡೆಗೆ. ಇಂಥ ಕಡೆಗೆಲ್ಲ ಬಸ್ಸು ಎಷ್ಟು ಹೊತ್ತಿಗೊಂದು ಅನ್ನುವುದೇ ಮೆಟ್ರೋ ಹತ್ತುವುದೋ ಬೇಡವೋ ಅಂತ ತೀರ್ಮಾನಿಸುತ್ತದೆ. ಅರ್ಧ ಗಂಟೆಗೊಂದು ಫೀಡರ್ ಬಸ್ಸು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಐದು ನಿಮಿಷಕ್ಕೊಂದು ಗಾಡಿಯಿಂದ ಇಳಿದವರು ಅರ್ಧ ಗಂಟೆ ನಿಲ್ಲಲ್ಲ, ನಡೆಯುತ್ತಾರೆ ಇಲ್ಲ ಆಟೋ ಹತ್ತುತ್ತಾರೆ. ನಡೆಯೋಣ ಅಂದರೆ ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್ ಕೂತಿರುತ್ತದೆ.

ಬಿಎಂಟಿಸಿ ಸುಮ್ಮನೆ ಕೂತಿಲ್ಲ ಅನ್ನುವುದನ್ನೂ ಹೇಳಬೇಕು. ಎಂಎಫ್ ಅಂತ ಶುರುವಾಗುವ ನಂಬರಿನ ಬಸ್ಸುಗಳು ಮೆಟ್ರೋ ಫೀಡರ್. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಬಂದ 90 ಚಿಕ್ಕ ಎಲೆಕ್ಟ್ರಿಕ್ ಬಸ್ಸುಗಳು, ಒಂಬತ್ತು ಮೀಟರಿನವು, ಇಂಥ ಒಳರಸ್ತೆಗೆ ಹೇಳಿ ಮಾಡಿಸಿದವು. ಹನ್ನೆರಡು ಮೀಟರಿನ ಬಸ್ಸು ತಿರುಗದ ಕಡೆ ಇವು ತಿರುಗುತ್ತವೆ. ಆದರೆ ಸಂಖ್ಯೆ ಸಾಲದು.

ಸಂಖ್ಯೆ ಎಲ್ಲಿಂದ ತರುವುದು? ಇಲ್ಲಿ ಬಹಳ ಜನ ಹೇಳುವುದು, ಮೆಟ್ರೋ ಪಕ್ಕದಲ್ಲೇ ಓಡುವ ಬಸ್ಸು ನಿಲ್ಲಿಸಿ, ಅವನ್ನು ಫೀಡರ್ ಮಾಡಿ ಅಂತ. ಕೇಳಲು ಚೆನ್ನಾಗಿದೆ. ಪೂರ್ತಿ ಒಪ್ಪಲು ನನಗೆ ಆಗಲ್ಲ. 335ಇ ತಗೊಳ್ಳಿ. ಅದೂ ಮೆಜೆಸ್ಟಿಕ್, ಕಾಡುಗೋಡಿ. ನೇರಳೆ ಮಾರ್ಗವೂ ಮೆಜೆಸ್ಟಿಕ್, ಕಾಡುಗೋಡಿ. ತುದಿಗಳನ್ನು ನೋಡಿದರೆ ಒಂದೇ. ಆದರೆ ನಡುವೆ ಬಸ್ಸು ಹೋಗುವುದು ದೊಮ್ಮಲೂರು, ಎಚ್‌ಎಎಲ್, ಮಾರತಹಳ್ಳಿ ಮೇಲೆ. ಅಲ್ಲಿ ಮೆಟ್ರೋ ಇಲ್ಲ. ಅದನ್ನು ನಿಲ್ಲಿಸಿದರೆ ಆ ಜನ ಎಲ್ಲಿ ಹೋಗಬೇಕು? ಕಡಿಮೆ ಮಾಡಬಹುದಾದದ್ದು ನಿಜವಾಗಿ ಹಳಿಯ ಕೆಳಗೇ ಓಡುವ ಟ್ರಿಪ್ಪುಗಳನ್ನು. ಅಲ್ಲಿ ಉಳಿದ ಬಸ್ಸು ಅಡ್ಡದಾರಿಗೆ ಹೋಗಲಿ, ಉತ್ತರ ದಕ್ಷಿಣಕ್ಕೆ ಮೆಟ್ರೋ ಮಾರ್ಗವನ್ನು ಕತ್ತರಿಸುವ ಹಾಗೆ. ಹೊಸಕೋಟೆ ಕಡೆಯಿಂದ ಬರುವ ಬಸ್ಸು ಮೆಜೆಸ್ಟಿಕ್ ತನಕ ಜಾಮಿನಲ್ಲಿ ಏದುಸಿರು ಬಿಡುವ ಬದಲು ಕೆ.ಆರ್. ಪುರದಲ್ಲೇ ತಿರುಗಿ ದಿನಕ್ಕೆ ಎರಡರಷ್ಟು ಟ್ರಿಪ್ಪು ಹಾಕಲಿ.

ಇದಕ್ಕೂ ಒಂದು ತೊಡಕಿದೆ, ಅದು ದುಡ್ಡಿನದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಮಾಡುವ ಅಕ್ಕಂದಿರನ್ನು ಕೇಳಿ. ಬಸ್ಸು ಒಂದೂವರೆ ಗಂಟೆ, ದುಡ್ಡಿಲ್ಲ. ಮೆಟ್ರೋ ಮುಕ್ಕಾಲು ಗಂಟೆ, ತಿಂಗಳಿಗೆ ಸಂಬಳದ ಒಂದು ಪಾಲು ಹೋಗುತ್ತದೆ. ಅವರು ಬಸ್ಸನ್ನೇ ಹತ್ತುತ್ತಾರೆ, ಅದು ಸರಿಯಾದ ಲೆಕ್ಕವೇ. ನೇರ ಬಸ್ಸು ನಿಲ್ಲಿಸಿ 'ಮೆಟ್ರೋಗೆ ಬನ್ನಿ' ಅಂದರೆ ಅವರ ಕೈಯಿಂದ ದುಡ್ಡು ಕಿತ್ತುಕೊಂಡ ಹಾಗೆ. 2025ರ ಫೆಬ್ರವರಿಯಲ್ಲಿ ಮೆಟ್ರೋ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋದ ಮೇಲಂತೂ ಈ ಮಾತು ಇನ್ನೂ ನಿಜ. ದರ ಏರಿದ ಕೂಡಲೇ ಪ್ರಯಾಣಿಕರು ಕಮ್ಮಿಯಾದರು, ಕೆಲವು ಕಡೆ ಏರಿಕೆ ದುಪ್ಪಟ್ಟಾಗಿದೆ ಅಂತ ಗಲಾಟೆ ಆಗಿ ಸ್ವಲ್ಪ ಇಳಿಸಬೇಕಾಯಿತು. ಹಾಗಾಗಿ ಒಂದೇ ಟಿಕೆಟ್ ಅಂದರೆ ಬರೀ ಒಂದೇ ಕಾರ್ಡು ಅಲ್ಲ. ಬಸ್ಸಿನಿಂದ ಮೆಟ್ರೋಗೆ ಬದಲಾಯಿಸಿದವರಿಗೆ ಎರಡನೇ ಸಲ ಶುರುವಿನಿಂದ ದುಡ್ಡು ಹಿಡಿಯಬಾರದು. ಕಾರ್ಡು ಮಾಡುವುದು ಸಾಫ್ಟ್‌ವೇರಿನ ಕೆಲಸ, ದುಡ್ಡು ಹಂಚಿಕೊಳ್ಳುವುದು ಎರಡು ಸಂಸ್ಥೆಗಳ ಕೆಲಸ. ಮೊದಲನೆಯದು ಆಗುತ್ತದೆ, ಎರಡನೆಯದು ಆಗಲ್ಲ.

ಇದೇ ಕಥೆ ಮತ್ತೆ

2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19.15 ಕಿಲೋಮೀಟರ್, 16 ನಿಲ್ದಾಣ. ಅಲ್ಲಿ ಹಳಿ ಪೂರ್ತಿ ಇತ್ತು, ಸಾಕಷ್ಟು ಗಾಡಿಗಳೇ ಇರಲಿಲ್ಲ. ಶುರುವಿನಲ್ಲಿ ಮೂರೇ ಗಾಡಿ, 25 ನಿಮಿಷಕ್ಕೊಂದು. ವೈಟ್‌ಫೀಲ್ಡಿನಲ್ಲಿ ಜಾಗದಲ್ಲಿ ಇದ್ದ ತೆರಪು ಇಲ್ಲಿ ಸಮಯದಲ್ಲಿ ಬಂತು. ಆದರೂ ಸಿಲ್ಕ್ ಬೋರ್ಡ್ ಜಾಮಿಗೆ ಹೆದರಿದ ಜನ ಮೊದಲ ದಿನದಿಂದಲೇ ತುಂಬಿಕೊಂಡರು, ಯಾಕಂದ್ರೆ ಅದು ಹಸಿರು ಮಾರ್ಗಕ್ಕೆ ನೇರವಾಗಿ ಕೂಡಿತ್ತು. ಹೊರಗೆ ಬಂದು ಬಸ್ಸು ಹುಡುಕಬೇಕಾಗಿರಲಿಲ್ಲ.

ಮುಂದೆ ಬರುವ ಮಾರ್ಗಗಳಲ್ಲೊಂದು ನೀಲಿ ಮಾರ್ಗ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರಕ್ಕೆ ಸುಮಾರು 20 ಕಿಲೋಮೀಟರ್, ಅಲ್ಲಿಂದ ಹೆಬ್ಬಾಳದ ಮೇಲೆ ವಿಮಾನ ನಿಲ್ದಾಣಕ್ಕೆ ಇನ್ನೂ 38. ಎರಡೂ ಒಂದೇ ದಿನ ತೆರೆಯುವ ಯೋಜನೆ ಇಲ್ಲ, ಮೊದಲು ಸಿಲ್ಕ್ ಬೋರ್ಡ್, ಕೆ.ಆರ್. ಪುರದ ತುಂಡು. ಅಂದರೆ ಕೆ.ಆರ್. ಪುರ ಮತ್ತೆ ಸ್ವಲ್ಪ ಕಾಲ ಕೊನೆಯ ನಿಲ್ದಾಣ. ಸೂಟ್‌ಕೇಸ್ ಎಳೆದುಕೊಂಡು ಇಳಿದವರು ಕೆ.ಆರ್. ಪುರದ ತೂಗು ಸೇತುವೆಯ ಬುಡದಲ್ಲಿ ನಿಂತು ವಿಮಾನ ನಿಲ್ದಾಣಕ್ಕೆ ಬಸ್ಸು ಹುಡುಕುತ್ತಾರೆ. ಈ ಸಲ ನಡುವಿನ ದೂರ 2.1 ಕಿಲೋಮೀಟರ್ ಅಲ್ಲ.

ಅದಕ್ಕೆ ಈಗಲೇ ಮಾಡಬೇಕಾದ ಕೆಲಸಗಳು ಗೊತ್ತಿರುವಂಥವೇ. ವಿಮಾನ ನಿಲ್ದಾಣದ ವಾಯುವಜ್ರ ಬಸ್ಸು ಕೆ.ಆರ್. ಪುರ ಮೆಟ್ರೋ ಗೇಟಿನ ಮುಂದೆಯೇ ನಿಲ್ಲುವ ಜಾಗ, ಮಳೆಗೆ ಸೂರು, ಎಷ್ಟು ಹೊತ್ತಿಗೆ ಬರುತ್ತೆ ಅಂತ ಪ್ಲಾಟ್‌ಫಾರಂ ಮೇಲೇ ತೋರಿಸುವ ಬೋರ್ಡು, ಮೆಟ್ರೋ ಟಿಕೆಟಿನಲ್ಲೇ ಬಸ್ಸಿನ ದರ, ಬೆಳಗಿನ ಜಾವದ ವಿಮಾನಕ್ಕೆ ಹೋಗುವವರಿಗೆ ಮೊದಲ ಗಾಡಿಯ ಸಮಯಕ್ಕೆ ಹೊಂದುವ ಮೊದಲ ಬಸ್ಸು. 500ಡಿಯನ್ನು ಆವತ್ತೇ ನಿಲ್ಲಿಸಬಾರದು. ಹೆಬ್ಬಾಳದಿಂದ ಕೆ.ಆರ್. ಪುರದ ಅರ್ಧಕ್ಕೆ ಇನ್ನೂ ಅದೇ ಗತಿ. ಸಿಲ್ಕ್ ಬೋರ್ಡ್ ಕಡೆಯ ಅರ್ಧದಿಂದ ಒಂದಿಷ್ಟು ಬಸ್ಸು ತೆಗೆದು ಬೆಳ್ಳಂದೂರು, ಕಾಡುಬೀಸನಹಳ್ಳಿಯ ಒಳಗಿನ ರಸ್ತೆಗಳಿಗೆ ಬಿಡಬಹುದು. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಗೆ ಒಂದು ಪಥ ಬಿಡಿಸುವ ಮಾತು ಮಾತ್ರ ತಗಡಿನ ಬೇಲಿ ತೆಗೆಯುವ ಮೊದಲೇ ಆಗಬೇಕು. ಬೇಲಿ ತೆಗೆದ ಮಾರನೇ ದಿನ ಆ ಜಾಗಕ್ಕೆ ಕಾರುಗಳು ಬಂದು ನಿಂತಿರುತ್ತವೆ, ಆಮೇಲೆ ಅವನ್ನು ಎಬ್ಬಿಸುವವರು ಯಾರೂ ಇಲ್ಲ.